ಆಷಾಢದಲ್ಲಿ ವಿಚಾರಿಸಿದ ಆ್ಯಪು

ಬೇರೆಯವರು ಸಿನಿಮಾಕ್ಕೆ ಹೋಗುವಷ್ಟು ಖುಷಿಯಿಂದ ನಮ್ಮ ಅಕ್ಕ ಗಂಡು ವಿಚಾರಿಸಲು ಹೋಗುತ್ತಾಳೆ. ನೆಂಟರಲ್ಲಿ ಯಾರ ಮಗಳಿಗೆ ಸಂಬಂಧ ಬಂದರೂ ಮೊದಲ ಫೋನು ಹೊನ್ನಾಳಿಗೆ, ಅವಳಿಗೆ. ಜಾತಕ, ಸಾಲಾವಳಿ ಎಲ್ಲ ಆಮೇಲೆ. ಕೈಚೀಲದಲ್ಲಿ ನೀರಿನ ಬಾಟಲಿ, ಎಲೆಅಡಿಕೆ, ಒಂದು ಟವೆಲು ಹಾಕಿಕೊಂಡು ಅವಳು ಬಸ್ ಹತ್ತುತ್ತಾಳೆ. ಚನ್ನಗಿರಿಯಾದರೆ ಮಧ್ಯಾಹ್ನವೇ ವಾಪಸ್ಸು. ಜಗಳೂರಾದರೆ ದಾವಣಗೆರೆಯಲ್ಲಿ ಬಸ್ ಬದಲಿಸಿ ಹೋಗಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಾಳೆ. ಅಷ್ಟರಲ್ಲಿ ಆ ಮನೆತನದ ಅಜ್ಜನ ಕಾಲದ ವ್ಯಾಜ್ಯದಿಂದ ಹಿಡಿದು ಹುಡುಗನ ಈಗಿನ ಗೆಳೆಯರವರೆಗೆ ಎಲ್ಲವೂ ಅವಳ ಕೈಯಲ್ಲಿರುತ್ತದೆ.

ಈ ಕೆಲಸಕ್ಕೆ ಅವಳದೇ ನಿಯಮಗಳಿವೆ. ಮೊದಲನೆಯದು, ಗಂಡಿನ ಮನೆಗೆ ಹೋಗಲೇಬಾರದು. "ಅಲ್ಲಿ ಅವ್ರು ತೋರ್ಸಿದ್ದು ಕಾಣ್ತೈತೆ, ಅಷ್ಟೆ" ಎನ್ನುತ್ತಾಳೆ. ಅವಳು ಹೋಗುವುದು ಆ ಬೀದಿಯ ಹಿಟ್ಟಿನ ಗಿರಣಿಗೆ. ಗಿರಣಿಗೆ ಎಲ್ಲ ಮನೆಯವರೂ ಬರಲೇಬೇಕು, ಡಬ್ಬ ಇಟ್ಟು ಕಾಯಲೇಬೇಕು. ಕಾಯುವಾಗ ಮನುಷ್ಯರು ಹೇಗಿರುತ್ತಾರೆ ಎನ್ನುವುದು ಗಿರಣಿಯವರಿಗೆ ಗೊತ್ತಿರುತ್ತದೆ. ಚನ್ನಗಿರಿಯ ಒಂದು ಸಂಬಂಧ ಎಲ್ಲರಿಗೂ ಒಪ್ಪಿಗೆಯಾಗಿತ್ತು. ಸ್ವಂತ ಮನೆ, ಕಾರು, ಒಳ್ಳೆ ಕೆಲಸದ ಹುಡುಗ. ಗಿರಣಿಯ ಹೆಂಗಸು ಮಾತ್ರ, "ಆ ಮನೆಯೋರು ಯಾವತ್ತೂ ಸರದೀಲಿ ನಿಲ್ಲಲ್ಲ ಬಿಡ್ರಿ, ನಮ್ದು ಮೊದ್ಲು ಹಾಕು ಅಂತಾರೆ" ಎಂದಳಂತೆ. ಅಕ್ಕ ಮುಂದಿನ ಬಸ್ಸಿಗೇ ಬಂದು ಆ ಸಂಬಂಧವನ್ನು ಬೇಡವೆಂದಳು. ಅವಳ ಮಾತಿಗೆ ಎದುರಾಡಿದವರಿಲ್ಲ.

ಎರಡನೆಯ ನಿಯಮ ಇನ್ನೂ ಮುಖ್ಯ. ನಮ್ಮ ಕಡೆಯದ್ದು ಏನನ್ನೂ ಬಿಟ್ಟುಕೊಡಬಾರದು. "ನಾವು ವಿಚಾರ್ಸಾಕೆ ಹೋದೋರು, ಹೇಳಾಕೆ ಹೋದೋರಲ್ಲ." ಹಾಗಾಗಿ ಅಕ್ಕನ ಬಾಯಲ್ಲಿ ನಮ್ಮ ಹುಡುಗಿಯರೆಲ್ಲ ಕೋಳಿ ಕೂಗುವ ಮೊದಲು ಏಳುತ್ತಾರೆ, ರೊಟ್ಟಿಯನ್ನು ಕಾಗದದಷ್ಟು ತೆಳ್ಳಗೆ ತಟ್ಟುತ್ತಾರೆ, ಯಾವತ್ತೂ ಸಿಟ್ಟಾಗುವುದಿಲ್ಲ. ವಯಸ್ಸಂತೂ ಎಲ್ಲರದೂ ಒಂದೆರಡು ವರ್ಷ ಕಡಿಮೆಯೇ.

ಇದಕ್ಕೆ ಅವಳ ಮದುವೆಯೇ ದೊಡ್ಡ ಉದಾಹರಣೆ. ನಮ್ಮೂರಿನ ಶಾಲೆಗೆ ಸೇರುವಾಗ ಹೆಡ್‌ಮಾಸ್ತರು ಎಲ್ಲ ಮಕ್ಕಳಿಗೂ ಜೂನ್ ಒಂದನೇ ತಾರೀಕನ್ನೇ ಹುಟ್ಟಿದ ದಿನವೆಂದು ಬರೆಯುತ್ತಿದ್ದರು. ಅಕ್ಕನನ್ನು ಶಾಲೆಗೆ ಸೇರಿಸಿದ್ದೇ ತಡವಾಗಿ. ಹೀಗಾಗಿ ಆ ಜೂನ್ ಒಂದು ಅವಳು ಹುಟ್ಟಿ ಎಷ್ಟೋ ಕಾಲವಾದ ಮೇಲಿನ ಜೂನ್ ಒಂದು. ಆಧಾರ್ ಕಾರ್ಡಿನವರೆಗೂ ಅದೇ ನಡೆದುಬಂದಿದೆ. ಕಾಗದದ ಪ್ರಕಾರ ಅವಳು ಭಾವನಿಗಿಂತ ಎರಡು ವರ್ಷ ಚಿಕ್ಕವಳು, ನಿಜದಲ್ಲಿ ಎರಡು ವರ್ಷ ದೊಡ್ಡವಳು. ಗಂಡಿಗಿಂತ ಹೆಣ್ಣು ದೊಡ್ಡವಳೆಂದರೆ ನಮ್ಮ ಕಡೆ ಸಂಬಂಧದ ಮಾತೇ ಮುಂದೆ ಹೋಗುವುದಿಲ್ಲ. ಅವ್ವ ಇದನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಮದುವೆ ಮಾಡಿದಳು. ಈಗ ಅವ್ವನೂ ಇಲ್ಲ. ಗುಟ್ಟು ತಿಳಿದವರು ಅಕ್ಕ ಮತ್ತು ನಾನು ಇಬ್ಬರೇ.

ನಾನು ಅವಳ ತಂಗಿ, ನ್ಯಾಮತಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನನಗೆ ಸಿಟ್ಟು ಬೇಗ ಬರುತ್ತದೆ, ನಂಬಿಕೆ ತಡವಾಗಿ ಬರುತ್ತದೆ. ಈ ಎರಡೂ ಗುಣ ಈ ಕತೆಯಲ್ಲಿ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ.

ಆ ಬೇಸಿಗೆಯಲ್ಲಿ ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಹೊನ್ನಾಳಿಯಲ್ಲಿ ಒಬ್ಬ ಡಾಕ್ಟರಮ್ಮ ಬೆಳಗಿನ ಮಾತ್ರೆ ಬರೆದುಕೊಟ್ಟು, ಇದನ್ನು ನುಂಗಿದ ಮೇಲೆ ತಿಂಡಿ ತಪ್ಪಿಸಬೇಡಿ ಎಂದು ಒತ್ತಿ ಹೇಳಿದ್ದರು. ಅಕ್ಕ ತಲೆಯಾಡಿಸಿದ್ದಳು. ಒಂದು ವಾರದೊಳಗೆ ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆ ತಲೆ ಸುತ್ತಿ ಬಂದು, ಯಾರೋ ಕೂರಿಸಿ ಸೋಡಾ ಕುಡಿಸಿ, ಭಾವನಿಗೆ ಫೋನ್ ಮಾಡಿದರು. ಭಾವನಿಗೆ ಹೊನ್ನಾಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಜೋರು ಮಾತಿನ ಮನುಷ್ಯ ಅಲ್ಲ. ಆದರೆ ಅವತ್ತು ಅಂಗಡಿ ಮುಚ್ಚಿ ಹೋಗಿ ಕರೆತಂದವರು, "ಇನ್ನು ಒಬ್ಳೇ ಬಸ್ ಹತ್ತೋದು ಬೇಡ" ಎಂದುಬಿಟ್ಟರು.

ಅಕ್ಕ ಜಗಳವಾಡಲಿಲ್ಲ, ಅದಕ್ಕೇ ನನಗೆ ಭಯವಾಯಿತು. ನೋಡಲು ಹೋದಾಗ ಆ ಕೈಚೀಲವನ್ನು ಒಗೆದು, ಮಡಿಚಿ, ಅಟ್ಟದ ಮೇಲೆ ಇಟ್ಟಿದ್ದಳು. "ಇನ್ನೇನೈತೆ, ಟಿವಿ ನೋಡ್ಕೊಂಡು ಕೂರ್ತೀನಿ" ಎಂದಳು. ಜೀವನದಲ್ಲಿ ಒಂದು ಧಾರಾವಾಹಿಯನ್ನೂ ಪೂರ್ತಿ ನೋಡದ ಹೆಂಗಸು ಅವಳು. ಬಸ್ ಕಸಿದುಕೊಂಡರೆ ಅವಳಲ್ಲಿ ಉಳಿಯುವುದು ಏನು ಎಂದು ಭಾವನಿಗೂ ಅನ್ನಿಸಿರಬೇಕು. ಯಾಕೆಂದರೆ ತಿಂಗಳು ಕಳೆದ ಮೇಲೆ ಅವರೇ ಫೋನ್ ಮಾಡಿ, "ಟೀಚರಮ್ಮ, ಅದೇನೋ ಆ್ಯಪು ಬಂದಾವಂತಲ್ಲ, ಸಕ್ಕರೆ ನೋಡ್ಕೊಳ್ಳೋವು. ಅಂಥದ್ದೊಂದು ಇವಳ ಜೊತೆಗಿದ್ರೆ ಬಸ್ ಹತ್ತಲಿ. ನಾನು ಮೂರು ಇಳಿಸೀನಿ, ಬಂದು ನೋಡು" ಎಂದರು.

ಆಗ ಆಷಾಢ. ಆಷಾಢದಲ್ಲಿ ಸಂಬಂಧದ ಮಾತು ಎತ್ತುವಂತಿಲ್ಲ, ಅಕ್ಕನ ಕಸುಬಿಗೆ ಅದು ಬೇಸಿಗೆ ರಜೆಯಿದ್ದ ಹಾಗೆ. ಭಾವ ಮೂರು ಆ್ಯಪು ಇಳಿಸಿದ ಫೋನನ್ನು ಅವಳ ಮುಂದಿಟ್ಟಾಗ ಅವಳ ಕಣ್ಣಲ್ಲಿ ಬಹಳ ದಿನದ ಮೇಲೆ ಹೊಳಪು ಕಂಡಿತು. "ಮೂರು ಗಂಡು ಬಂದಾವೆ ಅನ್ನು" ಎಂದು ಸೀರೆ ಸರಿಮಾಡಿಕೊಂಡು ಕುಳಿತಳು.

ಮೊದಲನೆಯ ಗಂಡು ಬಹಳ ಜೋರಿನವನು. ಕ್ಯಾಮೆರಾದ ಮೇಲೆ ಬೆರಳಿಟ್ಟರೆ ಸಾಕು, ರಕ್ತ ಬೇಡ, ಸೂಜಿ ಬೇಡ, ಸಕ್ಕರೆ ಎಷ್ಟಿದೆ ಎಂದು ಹೇಳುತ್ತಾನಂತೆ. ಭಾವ ಬೆರಳಿಟ್ಟರು. ಪರದೆಯ ಮೇಲೆ ಚಕ್ರ ತಿರುಗಿ ನೂರಾ ಎಂಟು ಬಂತು. ಭಾವನಿಗೆ ಬಹಳ ಸಂತೋಷವಾಯಿತು. ನಾನು ಒಳಗೆ ಹೋಗಿ ಒಂದು ಬದನೆಕಾಯಿ ತಂದು ಕ್ಯಾಮೆರಾಕ್ಕೆ ಒತ್ತಿ ಹಿಡಿದೆ. ಚಕ್ರ ಅಷ್ಟೇ ಗಂಭೀರವಾಗಿ ತಿರುಗಿತು. ಬದನೆಕಾಯಿಯ ಸಕ್ಕರೆ ನೂರಾ ಹನ್ನೆರಡು, ಆರೋಗ್ಯ ಉತ್ತಮ, ಹೀಗೆಯೇ ಮುಂದುವರಿಸಿ ಎಂದು ಹಸಿರು ಹೃದಯವೊಂದು ಕುಣಿಯಿತು. ಅಕ್ಕ ಆ ಬದನೆಕಾಯಿಯನ್ನು ನನ್ನ ಕೈಯಿಂದ ಇಸಿದುಕೊಂಡು, "ಇದಕ್ಕಾದ್ರೂ ಆರೋಗ್ಯ ಐತಲ್ಲ" ಎಂದು ಎಣ್ಣೆಗಾಯಿಗೆ ಸೀಳಿದಳು. ಮೊದಲ ಸಂಬಂಧ ಅಲ್ಲಿಗೇ ಮುರಿಯಿತು.

ಎರಡನೆಯವನು ನೋಡಲು ಲಕ್ಷಣವಾಗಿದ್ದ. ಬಿಳಿ ಕೋಟು ಹಾಕಿದ ಡಾಕ್ಟರ ಚಿತ್ರ, ಕನ್ನಡದಲ್ಲೇ ಸ್ವಾಗತ, ಒಂದು ಪೈಸೆ ಖರ್ಚಿಲ್ಲ. ತೆರೆದ ಕೂಡಲೇ ಫೋನಿನಲ್ಲಿರುವ ನಂಬರುಗಳನ್ನು ನೋಡಲು ಬಿಡಿ ಎಂದ. ಆಮೇಲೆ ಫೋಟೊಗಳನ್ನು. ಆಮೇಲೆ ನೀವು ಎಲ್ಲಿದ್ದೀರಿ ಎಂದು ನೋಡಲು, ಮಾತು ಕೇಳಲು. ಭಾವ ಎಲ್ಲಕ್ಕೂ ಹೂಂ ಎನ್ನುತ್ತಾ ಒತ್ತುತ್ತಿದ್ದರು. ಅಕ್ಕ ಅವರ ಕೈ ಹಿಡಿದಳು.

"ಸಕ್ಕರೆ ನೋಡಾಕೆ ನನ್ ಫೋಟೊ ಯಾಕ್ರೀ ಬೇಕು? ನಿಶ್ಚಿತಾರ್ಥ ಆಗಿಲ್ಲ, ಬೀರುವಿನ ಕೀಲಿ ಕೇಳ್ತಾನೆ."

"ಬಿಟ್ಟಿ ಐತಲ್ಲೇ" ಎಂದರು ಭಾವ.

"ಅದನ್ನೇ ನಾನು ಕೇಳೋದು. ಹೊಲ ಇಲ್ಲ, ಕೆಲಸ ಇಲ್ಲ, ದಿನಾ ಹೊಸ ಅಂಗಿ ಹಾಕ್ತಾನೆ ಅಂದ್ರೆ ದುಡ್ಡು ಎಲ್ಲಿಂದ ಬರ್ತೈತೆ ಅಂತ ನೋಡ್ಬೇಕಾ ಬೇಡ್ವಾ?"

ದುಡ್ಡು ಎಲ್ಲಿಂದ ಬರುತ್ತದೆಂದು ಮರುದಿನವೇ ತಿಳಿಯಿತು. ಭಾವನ ಫೋನಿನಲ್ಲಿ ಎಲ್ಲಿ ನೋಡಿದರೂ ಸಕ್ಕರೆ ಕರಗಿಸುವ ಚೂರ್ಣದ ಜಾಹೀರಾತು. ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗ ಯಾವುದೋ ಹೆಣ್ಣುದನಿ ಫೋನ್ ಮಾಡಿ, ಸರ್ ನಿಮ್ಮ ಶುಗರ್ ಹೇಗಿದೆ ಎಂದು ಕೇಳತೊಡಗಿತು. ನಾನು ಬೇರೆ ಪರೀಕ್ಷೆ ಮಾಡಿದೆ. ತೂಕ ಕೇಳಿದ ಕಡೆ ಎಂಟುನೂರು ಕೆಜಿ ಎಂದು ಹಾಕಿದೆ. ಶಹಬ್ಬಾಸ್, ನೀವು ಸರಿಯಾದ ದಾರಿಯಲ್ಲಿದ್ದೀರಿ ಎಂದ. ಎಮ್ಮೆಗೂ ಅಷ್ಟು ತೂಕ ಇರುವುದಿಲ್ಲ.

ಆಗ ಅಕ್ಕ ಒಂದು ಪ್ರಶ್ನೆ ಕೇಳಿದಳು. "ಇವುಕ್ಕೆ ಹಿಟ್ಟಿನ ಗಿರಣಿ ಎಲ್ಲೈತೆ?" ನಾನು ಜನ ಬರೆದ ಅಭಿಪ್ರಾಯಗಳನ್ನು ತೆರೆದು ತೋರಿಸಿದೆ. ಐದು ನಕ್ಷತ್ರ ಕೊಟ್ಟವರೆಲ್ಲ ಒಂದೇ ವಾಕ್ಯ ಬರೆದಿದ್ದರು, ತುಂಬಾ ಉಪಯುಕ್ತ ಧನ್ಯವಾದಗಳು ಎಂದು. "ಇವ್ರೆಲ್ಲ ಗಂಡಿನ ಸೋದರಮಾವಂದಿರು, ಬಿಡು" ಎಂದಳು ಅಕ್ಕ. ಒಂದು ನಕ್ಷತ್ರ ಕೊಟ್ಟವರನ್ನು ಜೋರಾಗಿ ಓದಿಸಿಕೊಂಡಳು. ಒಬ್ಬರು ಹಳೆಯ ಲೆಕ್ಕವೆಲ್ಲ ಅಳಿಸಿಹೋಯಿತು ಎಂದಿದ್ದರು, ಇನ್ನೊಬ್ಬರು ತೆಗೆದುಹಾಕಿದರೂ ಫೋನು ಬರುವುದು ನಿಂತಿಲ್ಲ ಎಂದಿದ್ದರು. ಅಕ್ಕ ಗಲ್ಲಕ್ಕೆ ಕೈಕೊಟ್ಟು ಕೇಳಿ, "ಇದೇ ಗಿರಣಿ" ಎಂದಳು.

ಮೂರನೆಯವನು ಕಪ್ಪಗೆ, ಸಣ್ಣಗೆ, ಮಾತು ಕಡಿಮೆ. ಅಂದರೆ ಚಿತ್ರಗಿತ್ರ ಏನಿಲ್ಲ. ಮೊದಲ ಪುಟದಲ್ಲೇ ನಾನು ಡಾಕ್ಟರ್ ಅಲ್ಲ ಎಂದು ಬರೆದುಕೊಂಡಿದ್ದ. ಮಾಡಿದವರು ಯಾರು, ಓದಿ ನೋಡಿದ ಡಾಕ್ಟರುಗಳು ಯಾರು, ಕೊನೆಯ ಸಲ ತಿದ್ದಿದ್ದು ಯಾವಾಗ, ನಾವು ಹೇಳಿದ್ದು ಎಲ್ಲಿರುತ್ತದೆ, ಬೇಡವಾದರೆ ಅಳಿಸುವುದು ಹೇಗೆ, ಎಲ್ಲ ಇತ್ತು. ನಾನು ಸಕ್ಕರೆ ನಾಲ್ಕು ಸಾವಿರ ಎಂದು ಹಾಕಿದೆ. ಸಂಖ್ಯೆ ತಪ್ಪಾಗಿರಬಹುದು, ಮತ್ತೊಮ್ಮೆ ನೋಡಿ ಎಂದ. ಬಹಳ ಕಡಿಮೆ ಹಾಕಿದೆ. ಈಗಲೇ ಸಕ್ಕರೆ ತಿನ್ನಿ, ಪಕ್ಕದವರನ್ನು ಕರೆಯಿರಿ, ಸುಧಾರಿಸದಿದ್ದರೆ ಆಸ್ಪತ್ರೆಗೆ ಹೋಗಿ ಎಂದ. ಮಾತ್ರೆ ಹೆಚ್ಚು ಮಾಡಲೇ ಎಂದು ಕೇಳಿದೆ. ಅದನ್ನು ನಿಮ್ಮ ಡಾಕ್ಟರರೇ ಹೇಳಬೇಕು ಎಂದ. ಜಗಳ ತೆಗೆಯಲು ನನಗೆ ಏನೂ ಸಿಗಲಿಲ್ಲ.

ಅಕ್ಕನಿಗೆ ಅಷ್ಟು ಸಾಲದು. ಭಾವನ ಸೋದರತ್ತೆಯೊಬ್ಬರು ಜಗಳೂರಿನಲ್ಲಿದ್ದಾರೆ, ಅವರು ಇದನ್ನೇ ಬಹಳ ದಿನದಿಂದ ಇಟ್ಟುಕೊಂಡಿದ್ದಾರೆ ಎಂದು ಗೊತ್ತಾಯಿತು. ಫೋನಿನಲ್ಲಿ ಕೇಳೋಣ ಎಂದೆ. ಫೋನಿನಲ್ಲಿ ಯಾರೂ ನಿಜ ಹೇಳುವುದಿಲ್ಲ ಎಂದಳು. ಒಂದು ಭಾನುವಾರ ನನ್ನನ್ನು ಜೊತೆ ಮಾಡಿಕೊಂಡು ಹೊರಟಳು. ಅಟ್ಟದ ಮೇಲಿನ ಕೈಚೀಲ ಕೆಳಗಿಳಿದಿತ್ತು.

"ಅತ್ತೆ, ಒಳ್ಳೇದಿನದ್ದು ಬ್ಯಾಡ. ಮೈ ಹುಷಾರಿಲ್ಲದ ದಿನ ಹೆಂಗೆ ನಡ್ಕೊಂತು ಹೇಳ್ರಿ" ಎಂದು ಕೂರುವ ಮೊದಲೇ ಕೇಳಿದಳು.

ಅತ್ತೆ ಯೋಚಿಸಿ, "ಜ್ವರ ಬಂದಾಗ ಏನೇನೋ ಕೇಳ್ದೆ ನೋಡವ್ವ. ನನಗೆ ಗೊತ್ತಾಗಲ್ಲ, ಫೋನ್ ಇಟ್ಟು ದವಾಖಾನೆಗೆ ಹೋಗು ಅಂತು" ಎಂದರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಕ್ಕ ಕಿಟಕಿ ಪಕ್ಕ ಕೂತು, "ಕೈಲಾಗದ್ದನ್ನ ಕೈಲಾಗಲ್ಲ ಅನ್ನೋ ಗಂಡು ಸಿಗೋದು ಕಷ್ಟ" ಎಂದಳು. ಡಾಕ್ಟರಮ್ಮನೂ ಅದನ್ನು ತೆರೆದು ನೋಡಿ, ಮಾತ್ರೆಯ ಹೊತ್ತು ನೆನಪಿಸಲು, ಸಕ್ಕರೆಯ ಲೆಕ್ಕ ಇಡಲು ಇದು ಸಾಕು, ಮಾತ್ರೆ ಬದಲಿಸುವುದಿದ್ದರೆ ಮಾತ್ರ ನನ್ನ ಹತ್ತಿರ ಬನ್ನಿ ಎಂದರು. ಭಾವ ಒಪ್ಪಿದರು. ಮೂರನೆಯ ಗಂಡು ಮನೆಗೆ ಬಂದ.

ಆ್ಯಪು ಮೊದಲ ದಿನ ಒಂದಷ್ಟು ಪ್ರಶ್ನೆ ಕೇಳುತ್ತದೆ. ನಾನು ಪಕ್ಕದಲ್ಲಿ ಕೂರಲೇ ಎಂದೆ. "ಅದು ಕೇಳ್ತೈತೆ, ನಾನು ಹೇಳ್ತೀನಿ. ನಡುವೆ ನೀನ್ಯಾಕೆ?" ಎಂದು ಕನ್ನಡಕ ಹಾಕಿಕೊಂಡು ಹಿತ್ತಿಲ ಕಟ್ಟೆಗೆ ಹೋದಳು. ಅರ್ಧ ಗಂಟೆ ಬಿಟ್ಟು ಗೆದ್ದವಳ ಮುಖ ಮಾಡಿಕೊಂಡು ಬಂದಳು. ನಾನು ಆಗ ಆ ಮುಖವನ್ನು ಸರಿಯಾಗಿ ಓದಲಿಲ್ಲ.

ಶ್ರಾವಣ ಬಂತು, ಸಂಬಂಧದ ಮಾತುಗಳು ಶುರುವಾದವು. ನಮ್ಮ ಚಿಕ್ಕಪ್ಪನ ಮೊಮ್ಮಗಳಿಗೆ ಸವಳಂಗದ ಒಂದು ಸಂಬಂಧ ಬಂದಿತ್ತು. ಸೋಮವಾರ ಶಾಲೆಗೆ ರಜೆ ಇದ್ದದ್ದರಿಂದ ನಾನೂ ಬರುತ್ತೇನೆಂದೆ. ಅಕ್ಕ ಬೆಳಗಿನ ಬಸ್ಸಿಗೆ ಹೊನ್ನಾಳಿಯಿಂದ ನ್ಯಾಮತಿಗೆ ಒಬ್ಬಳೇ ಬಂದಳು. ಎಷ್ಟೋ ದಿನಕ್ಕೆ ಒಬ್ಬಳೇ ಬಸ್ ಹತ್ತಿದ ಖುಷಿ ಅವಳ ನಡಿಗೆಯಲ್ಲೇ ಕಾಣುತ್ತಿತ್ತು. ಇಡ್ಲಿ ಮಾಡಿದ್ದೇನೆ ಎಂದೆ. "ಆಯ್ತು, ಆಯ್ತು, ನಡಿ" ಎಂದಳು. ಬಸ್ಸಿನಲ್ಲಿ ಅವಳ ಫೋನು ಒಂದೆರಡು ಸಲ ಕುಂಯ್‌ಗುಟ್ಟಿತು. ಅವಳು ನೋಡಿ, ಬೆರಳಲ್ಲಿ ಒತ್ತಿ, ಚೀಲದೊಳಗೆ ಹಾಕಿಕೊಂಡಳು.

ಆ ಊರಿನಲ್ಲಿ ಗಿರಣಿ ಅವತ್ತು ಬಾಗಿಲು ಹಾಕಿತ್ತು. ಗಂಡಿನ ಮನೆಯ ಹಿಂದಿನ ಮನೆಯ ಹೆಂಗಸು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ, ಅಲ್ಲಿಗೆ ಹೋದೆವು. ಅವರು ಚಹಾ ತಂದಿಟ್ಟರು. ಅಕ್ಕ ಮುಟ್ಟಲಿಲ್ಲ. ಮಾತು ಹದವಾಗಿ ಶುರುವಾಯಿತು. ಹುಡುಗ ಹೇಗೆ, ತಾಯಿ ಹೇಗೆ, ಸಿಟ್ಟು ಯಾರಿಗೆ ಜಾಸ್ತಿ. ಆಮೇಲೆ ಆ ಹೆಂಗಸು ಸಹಜವಾಗಿ, "ನಿಮ್ ಹುಡುಗಿ ಹೆಂಗ್ರಿ?" ಎಂದರು.

ನಾನು ಮುಂದಿನ ಮಾತುಗಳನ್ನು ಕಾದು ಕುಳಿತೆ. ಕೋಳಿ ಕೂಗುವ ಮೊದಲು ಏಳುವುದು, ಕಾಗದದಂಥ ರೊಟ್ಟಿ.

"ನಮ್ ಹುಡುಗಿ ಎಂಟು ಗಂಟೆಗೆ ಏಳ್ತಾಳೆ" ಎಂದಳು ಅಕ್ಕ. "ಅಡಿಗೆ ಮಾಡಾಕೆ ಬರಲ್ಲ. ಮುಂಗೋಪಿ. ತಟ್ಟೆ ಎಸೀತಾಳೆ."

ನಾನು ಕಾಲಿನಿಂದ ಅವಳ ಕಾಲು ತಿವಿದೆ. ಅವಳು ನನ್ನ ಕಡೆ ತಿರುಗಿ, ಯಾರೋ ಗುರುತಿಲ್ಲದವಳನ್ನು ನೋಡುವಂತೆ ನೋಡಿದಳು. ಆಮೇಲೆ ಆ ಹೆಂಗಸಿಗೆ, "ವಯಸ್ಸೂ ನಾವು ಹೇಳಿದ್ದಲ್ಲ. ನಮ್ಮನೇಲಿ ಯಾರ ವಯಸ್ಸೂ ಹೇಳಿದ್ದಲ್ಲ. ನಂದೂ ಅಲ್ಲ" ಎಂದಳು.

ಅಕ್ಕ ನಿಜ ಹೇಳುತ್ತಿದ್ದಾಳೆ ಎಂದರೆ ಅವಳಿಗೆ ಏನೋ ಆಗಿದೆ. ಮುಖ ನೋಡಿದರೆ ಹಣೆಯೆಲ್ಲ ಬೆವರು, ಕೈ ನಡುಗುತ್ತಿದೆ. ಕೈ ಮುಟ್ಟಿದೆ, ತಣ್ಣಗಿತ್ತು. ಸಕ್ಕರೆ ಇಳಿದುಬಿಟ್ಟಿದೆ ಎಂದೆ. ಆ ತಾಯಿ ಒಳಗೆ ಓಡಿ ಲೋಟದ ತುಂಬ ಸಕ್ಕರೆ ನೀರು ಕಲಸಿ ತಂದರು. ಅಕ್ಕ ಬೇಡ, ಸೋಮವಾರ ಎಂದು ತಲೆ ತಿರುಗಿಸಿದಳು. ನಾನು ಅವಳನ್ನು ಜೀವಮಾನದಲ್ಲಿ ಮೊದಲ ಸಲ ಗದರಿಸಿ ಕುಡಿಸಿದೆ. ಆಮೇಲೆ ಬೆಲ್ಲ, ಆಮೇಲೆ ಅವರ ಮನೆಯ ಅನ್ನ. ನಿಧಾನಕ್ಕೆ ಅವಳ ಕಣ್ಣಿಗೆ ಅಕ್ಕ ವಾಪಸ್ಸು ಬಂದಳು. ಬಂದವಳು ಸುತ್ತ ನೋಡಿ, ನನ್ನ ಕಿವಿಯಲ್ಲಿ, "ನಾನೇನಾದ್ರೂ ಅಂದ್ನಾ?" ಎಂದಳು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ಹೊನ್ನಾಳಿಗೆ ಕರೆದೊಯ್ಯುವಾಗ ನಾನು ಕುದಿಯುತ್ತಿದ್ದೆ, ಆ ಆ್ಯಪಿನ ಮೇಲೆ. ಇಷ್ಟು ವಿಚಾರಿಸಿ ತಂದ ಗಂಡು ಹೀಗೆ ಮಾಡಿತಲ್ಲ ಎಂದು ಅವಳ ಫೋನು ತೆಗೆದು ನೋಡಿದೆ. ಬೆಳಿಗ್ಗೆ ಮಾತ್ರೆಯ ಹೊತ್ತು ಎಂದು ನೆನಪಿಸಿತ್ತು. ಅಕ್ಕ ನುಂಗಿದ್ದಳು. ಆಮೇಲೆ ತಿಂಡಿ ತಿಂದಿರಾ ಎಂದು ಕೇಳಿತ್ತು. ತಿಂದೆ ಎಂದು ಒತ್ತಿದ್ದಳು. ಸುಮ್ಮನಾಗದೆ ಇನ್ನೊಮ್ಮೆ ಕೇಳಿ, ಮೈ ಬೆವರುತ್ತಿದೆಯೇ, ನಡುಕವಿದೆಯೇ ಎಂದಿತ್ತು. ಇಲ್ಲ ಎಂದು ಒತ್ತಿದ್ದಳು.

"ತಿನ್ನದೇ ತಿಂದೆ ಅಂತ ಯಾಕೆ ಒತ್ತಿದೆ?" ಎಂದು ಕೇಳಿದೆ.

"ಊಟ ಆಯ್ತಾ ಅಂತ ಕೇಳಿದ್ರೆ ಆಯ್ತು ಅನ್ಬೇಕಪ್ಪ. ಇಲ್ಲ ಅಂದ್ರೆ ಬಡಿಸಾಕೆ ಏಳ್ತಾರೆ."

"ಅದು ಫೋನು, ಅಕ್ಕ. ಅದು ಬಡಿಸಾಕೆ ಏಳಲ್ಲ."

"ಬಾಯಿಗೆ ಬಂದುಬಿಡ್ತು" ಎಂದಳು ಸಣ್ಣ ದನಿಯಲ್ಲಿ.

ಮೊದಲ ದಿನ ಕಟ್ಟೆಯ ಮೇಲೆ ಕೂತು ಕೊಟ್ಟ ಉತ್ತರಗಳನ್ನೂ ತೆಗೆದೆ. ವಯಸ್ಸು, ಕಾಗದದ್ದಕ್ಕಿಂತಲೂ ಕಡಿಮೆ. ತೂಕ, ಅವಳ ಮದುವೆಯ ಕಾಲದ್ದು. ತಲೆ ಸುತ್ತಿದ್ದುಂಟೇ, ಇಲ್ಲ. ಉಪವಾಸ, ವ್ರತ ಉಂಟೇ, ಇಲ್ಲ. ಹೊತ್ತಿಗೆ ಸರಿಯಾಗಿ ಊಟ, ಹೌದು. ಶ್ರಾವಣ ಸೋಮವಾರಗಳಲ್ಲಿ ಅಕ್ಕ ಬುದ್ಧಿ ಬಂದಾಗಿನಿಂದ ಒಪ್ಪತ್ತು ಇರುತ್ತಾಳೆ. ಶಿವಪೂಜೆ ಮಾಡಿ, ಸಂಜೆ ದೀಪ ಹಚ್ಚಿದ ಮೇಲೆಯೇ ಒಂದು ಊಟ. ಬೆಳಿಗ್ಗೆ ಇಡ್ಲಿ ಎಂದ ನನಗೂ ಅದು ನೆನಪಾಗಿರಲಿಲ್ಲ. ಆಷಾಢದಲ್ಲಿ ಕೇಳಿದಾಗ ಅದನ್ನು ಮುಚ್ಚಿಟ್ಟಿದ್ದಳು.

ನನಗೆ ಆಗ ಅರ್ಥವಾಯಿತು. ಅವಳು ಆ್ಯಪನ್ನು ನಿಜವಾಗಿಯೂ ಗಂಡಿನ ಕಡೆಯವರೆಂದೇ ತಿಳಿದಿದ್ದಳು. ಅವರದ್ದನ್ನೆಲ್ಲ ವಿಚಾರಿಸಿ, ನಮ್ಮ ಕಡೆಯದ್ದನ್ನು ಒಂದೂ ಬಿಟ್ಟುಕೊಟ್ಟಿರಲಿಲ್ಲ. ಕಟ್ಟೆಯಿಂದ ಗೆದ್ದವಳ ಮುಖ ಮಾಡಿಕೊಂಡು ಬಂದದ್ದು ಅದಕ್ಕೇ. ಕೇಳಿದರೆ, "ಮೊದಲ್ನೇ ದಿನಾನೇ ಎಲ್ಲ ಯಾರು ಹೇಳ್ತಾರೆ?" ಎಂದಳು.

ಡಾಕ್ಟರಮ್ಮ ಎಲ್ಲವನ್ನೂ ಕೇಳಿ, ಬೈಯದೆ, ಪೆನ್ನಿನ ಮುಚ್ಚಳ ಹಾಕಿದರು. ಒಪ್ಪತ್ತಿನ ವಿಷಯ ಅವರಿಗೂ ಗೊತ್ತಿರಲಿಲ್ಲ.

"ಆ್ಯಪು ಚೆನ್ನಾಗೇ ಇದೆ ರೀ" ಎಂದರು. "ನಾನೂ, ಅದೂ ಸೇರಿ ನೀವು ಹೇಳಿದ ಹೆಂಗಸನ್ನ ಚೆನ್ನಾಗಿ ನೋಡಿಕೊಂಡಿದ್ದೀವಿ. ಮಾತ್ರೆ ನುಂಗಿದ್ದು ಮಾತ್ರ ಬೇರೆ ಹೆಂಗಸು. ನನಗೆ ಆ ಹೆಂಗಸು ಬೇಕು."

ಮಾತ್ರೆ ಬದಲಾಯಿತು, ಒಪ್ಪತ್ತಿನ ದಿನಕ್ಕೆ ಏನು ಮಾಡಬೇಕೆಂದು ಬೇರೆಯೇ ಹೇಳಿಕೊಟ್ಟರು. ಆ್ಯಪಿಗೂ ಮೊದಲಿನಿಂದ ಸರಿಯಾದ ಉತ್ತರ ಕೊಡಬೇಕು, ಈ ಸಲ ಮನೆಯವರ ಎದುರಿಗೆ ಎಂದರು. ಅಂಗಡಿಯಿಂದ ಬಂದು ಹೊರಗೆ ಕಾಯುತ್ತಿದ್ದ ಭಾವ ಅದನ್ನು ಕೇಳಿ, "ಎಲ್ಲ ನಿಜ ಹೇಳಿದ್ರೆ ಬಸ್ಸು, ಇಲ್ಲಾಂದ್ರೆ ಇಲ್ಲ" ಎಂದರು. ಅಕ್ಕ ನನ್ನ ಮುಖ ನೋಡಿದಳು. ನಾವಿಬ್ಬರೂ ಒಂದೇ ವಿಷಯ ಯೋಚಿಸುತ್ತಿದ್ದೆವು.

ಮರುದಿನ ಮಧ್ಯಾಹ್ನ, ಅವಳ ಮನೆಯ ನಡುಮನೆ. ಅಕ್ಕ ಚಾಪೆಯ ಮೇಲೆ ಫೋನು ಹಿಡಿದು, ಶಾಲೆಗೆ ರಜೆ ಹಾಕಿದ ನಾನು ಪಕ್ಕದಲ್ಲಿ, ಭಾವ ಎದುರಿಗೆ ಕುರ್ಚಿಯಲ್ಲಿ. ಮೊದಲ ಪ್ರಶ್ನೆಯೇ ವಯಸ್ಸು. ಅವಳ ಬೆರಳು ನಿಂತಿತು.

"ರೀ, ಒಂದು ಲೋಟ ನೀರು ತರ್ರಿ" ಎಂದಳು.

ಭಾವ ಎದ್ದು ಹೋದರು. ನಾನು ಬೇಗ ಒತ್ತು ಎಂದು ಕಣ್ಸನ್ನೆ ಮಾಡಿದೆ. ಅವಳು ಒತ್ತಲಿಲ್ಲ. ಬಹುಶಃ ಮುಚ್ಚಿಡುವುದೂ ಅವಳಿಗೆ ಸಾಕಾಗಿತ್ತು. ಇಷ್ಟು ವರ್ಷ ಹಳೆಯ ಗೆಳತಿಯರು ಮನೆಗೆ ಬಂದರೆ ಇವಳು ನನಗಿಂತ ದೊಡ್ಡವಳು ಎಂದು ಸುಳ್ಳು ಹೇಳಿದ್ದಳು, ಕೂದಲಿಗೆ ಭಾವನಿಗಿಂತ ಮೊದಲು ಬಣ್ಣ ಹಚ್ಚಿದ್ದಳು, ಮೊಣಕಾಲು ನೋವನ್ನು ಯಾರಿಗೂ ಹೇಳಿರಲಿಲ್ಲ. ಭಾವ ನೀರು ತಂದು ಕೊಟ್ಟು ಮತ್ತೆ ಕೂತರು.

"ವಯಸ್ಸು ಕೇಳ್ತೈತೆ" ಎಂದಳು ಅಕ್ಕ, ತಲೆ ಎತ್ತದೆ. "ನಿಜದ್ದು ಹೇಳ್ಬೇಕಂತೆ."

"ನನಗಿಂತ ಎರಡು ವರ್ಷ ಜಾಸ್ತಿ ಹಾಕು" ಎಂದರು ಭಾವ.

ಅಕ್ಕನ ಕೈಯಲ್ಲಿದ್ದ ಲೋಟದ ನೀರು ಚಾಪೆಗೆ ಚೆಲ್ಲಿತು, ಅವಳು ಒರೆಸಲಿಲ್ಲ.

"ನಿಮಗೆ ಹೆಂಗೆ ಗೊತ್ತು?"

"ಹೆಣ್ಣು ನೋಡಾಕೆ ಬರೋಕ್ಮುಂಚೆ ನಮ್ಮಪ್ಪ ನಿಮ್ಮೂರಿಗೆ ಹೋಗಿದ್ದ. ಹಿಟ್ಟಿನ ಗಿರಣೀಲಿ ಕೂತು ಬಂದಿದ್ದ."

"ಗೊತ್ತಿದ್ದೂ ಒಪ್ಕೊಂಡ್ರಾ?"

"ಅಪ್ಪ ಬ್ಯಾಡ ಅಂದ. ಗಿರಣಿಯೋರು ಇನ್ನೊಂದು ಮಾತೂ ಹೇಳಿದ್ರಂತೆ. ಆ ಹುಡುಗಿ ಮುದುಕೀರು ಬಂದ್ರೆ ತನ್ನ ಸರದಿ ಬಿಟ್ಟುಕೊಟ್ಟು ಹಿಂದೆ ಹೋಗಿ ನಿಂತ್ಕಂತಾಳೆ ಅಂತ. ನಾನು ಅದನ್ನ ಹಿಡ್ಕಂಡೆ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಅವಳಿಗೆ ಬಂದದ್ದು ಸಿಟ್ಟು. ಗೊತ್ತಿದ್ದವರು ಒಂದು ಮಾತು ಹೇಳಬಾರದಿತ್ತೇ, ಇಷ್ಟು ವರ್ಷ ಸುಮ್ಮನೆ ಹೆದರಿಕೊಂಡು ಬದುಕಿದೆನಲ್ಲ ಎಂದು ಭಾವನನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡಳು. ಭಾವ, "ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ" ಎಂದರು. ಅದು ಅವಳದೇ ನಿಯಮ. ವಯಸ್ಸು ಹಾಕಿದಳು. ತೂಕ ಹಾಕಿದಳು. ತಲೆ ಸುತ್ತಿದ್ದನ್ನು, ಸೋಮವಾರದ ಒಪ್ಪತ್ತನ್ನು, ಮೊಣಕಾಲನ್ನು ಎಲ್ಲ ಹಾಕಿದಳು. ಕೊನೆಗೆ, ಪ್ರಯಾಣ ಮಾಡುವಾಗ ಜೊತೆಗೆ ಯಾರಾದರೂ ಇರುತ್ತಾರೆಯೇ ಎಂದು ಬಂತು. ಅವಳು ಹೌದು ಎನ್ನುವುದರ ಮೇಲೆ ಬೆರಳಿಟ್ಟು ಭಾವನ ಕಡೆ ನೋಡಿದಳು.

"ಒಬ್ಳೇ ಹೋಗ್ತೀನಿ ಅಂತ ಹಾಕು" ಎಂದರು ಭಾವ. "ನಿಜ ಹೇಳ್ಬೇಕಂತಲ್ಲ. ಚೀಲದಾಗೆ ಬೆಲ್ಲ ಇಟ್ಕೊ."

ಅವಳು ಹಾಗೇ ಹಾಕಿದಳು. ಫೋನು ಸ್ವಲ್ಪ ಹೊತ್ತು ಯೋಚಿಸಿ, ಗಂಟೆ ನೋಡಿಕೊಂಡು, ಮಧ್ಯಾಹ್ನದ ಊಟ ಆಯಿತೇ ಎಂದು ಕೇಳಿತು. ಅಕ್ಕನ ಬೆರಳು ಅಭ್ಯಾಸದ ಕಡೆಗೇ ಹೋಗಿ, ನಡುವೆ ನಿಂತು, ಪಕ್ಕಕ್ಕೆ ಸರಿದು ಇಲ್ಲ ಎಂದು ಒತ್ತಿತು.

ಭಾವ ಬಡಿಸಲು ಎದ್ದರು.